ಕತ್ತಿನ ರಕ್ತನಾಳದ ಗೋಡೆಯ ದಪ್ಪ: ಯಾವ ಅಳತೆಯನ್ನು ಯಾರು ಎಷ್ಟು ನಂಬಬಹುದು?

ಕತ್ತಿನ ಡಾಪ್ಲರ್ (ಅಲ್ಟ್ರಾಸೌಂಡ್ ಸ್ಕ್ಯಾನ್) ರಿಪೋರ್ಟಿನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಬಲಗಡೆ ಐಎಂಟಿ (ಇಂಟಿಮಾ-ಮೀಡಿಯಾ ಥಿಕ್‌ನೆಸ್, ಅಂದರೆ ರಕ್ತನಾಳದ ಗೋಡೆಯ ಒಳಗಿನ ಎರಡು ಪದರಗಳ ದಪ್ಪ) 0.8 ಮಿ.ಮೀ., ಎಡಗಡೆ 0.9 ಮಿ.ಮೀ. ಹೋದ ವರ್ಷ 0.7 ಇದ್ದದ್ದು ಈ ವರ್ಷ 0.8 ಆಗಿದ್ದರೆ ಮನೆಮಂದಿಗೆಲ್ಲ ಗಾಬರಿ. 0.9 ಇದ್ದದ್ದು 0.8ಕ್ಕೆ ಇಳಿದಿದ್ದರೆ ಕೊಲೆಸ್ಟ್ರಾಲ್ ಮಾತ್ರೆ ಕೆಲಸ ಮಾಡಿತು ಎಂಬ ಸಮಾಧಾನ. ಈ ಗಾಬರಿಗಾಗಲಿ ಸಮಾಧಾನಕ್ಕಾಗಲಿ ಆ ಅಂಕಿ ಆಧಾರ ಕೊಡುವುದಿಲ್ಲ. ಆದರೆ ಅದೇ ಅಳತೆಯನ್ನು ಸಾವಿರಾರು ಜನರಲ್ಲಿ ಒಂದೇ ಶಿಸ್ತಿನಲ್ಲಿ ಮಾಡಿದಾಗ, ಹೃದಯಾಘಾತ ಮತ್ತು ಲಕ್ವದ ಬಗ್ಗೆ ಅದು ನಿಜವಾದ ಸಂಗತಿಯನ್ನೇ ಹೇಳಿದೆ. ಒಬ್ಬರಿಗೆ ಯಾವ ಅಳತೆ, ಗುಂಪಿಗೆ ಯಾವ ಅಳತೆ ಎಂಬುದನ್ನು ಬೇರೆ ಮಾಡಿಕೊಳ್ಳದಿರುವುದೇ ಎಲ್ಲ ಗೊಂದಲದ ಮೂಲ. ರಿಪೋರ್ಟ್ ಕೈಯಲ್ಲಿ ಹಿಡಿದು ಕೂತವರಿಗೂ, ಎಂ.ಡಿ. ಥೀಸಿಸ್‌ಗೆ ಈ ಅಳತೆ ಆರಿಸಿಕೊಳ್ಳಲು ಹೊರಟ ಪಿಜಿಗಳಿಗೂ ಒಟ್ಟಿಗೇ ಹೇಳಬೇಕಾದ ಮಾತು ಇದು.

ಮೊದಲೇ ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಮಾತು ತೊದಲಿದ್ದರೆ, ಒಂದು ಕಡೆಯ ಕೈಕಾಲು ಸೋತು ಮತ್ತೆ ಸರಿಹೋಗಿದ್ದರೆ, ಒಂದು ಕಣ್ಣಿಗೆ ಸ್ವಲ್ಪ ಹೊತ್ತು ಕತ್ತಲೆ ಕವಿದಿದ್ದರೆ, ಗೋಡೆಯ ದಪ್ಪದ ಚರ್ಚೆ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಅಲ್ಲಿ ನೋಡಬೇಕಾದದ್ದು ರಕ್ತನಾಳ ಎಷ್ಟು ಕಿರಿದಾಗಿದೆ ಎಂಬುದನ್ನು. ಅದು ಬೇರೆಯೇ ಪರೀಕ್ಷೆ.

ಪರದೆಯ ಮೇಲಿನ ಎರಡು ಬಿಳಿ ಗೆರೆಗಳು

ಕತ್ತಿಗೆ ಜೆಲ್ ಹಚ್ಚಿ, ಶಬ್ದದ ಅಲೆ ಕಳಿಸುವ ಪ್ರೋಬನ್ನು ಉದ್ದಕ್ಕೆ ಇಟ್ಟಾಗ ಕತ್ತಿನ ದೊಡ್ಡ ರಕ್ತನಾಳವಾದ ಕ್ಯಾರೊಟಿಡ್ ಅಪಧಮನಿ ಪರದೆಯ ಮೇಲೆ ಅಡ್ಡಡ್ಡವಾಗಿ ಮಲಗಿದ ಕಪ್ಪು ಕೊಳವೆಯಂತೆ ಕಾಣುತ್ತದೆ. ಕಪ್ಪು ಎಂದರೆ ರಕ್ತ. ಅದರ ಕೆಳಗಿನ ಅಂಚಿನಲ್ಲಿ, ಅಂದರೆ ಚರ್ಮದಿಂದ ದೂರದ ಗೋಡೆಯಲ್ಲಿ, ತೆಳ್ಳಗಿನ ಒಂದು ಬಿಳಿ ಗೆರೆ, ಅದರಡಿ ಸಣ್ಣ ಕಪ್ಪು ಪಟ್ಟಿ, ಅದರಡಿ ದಪ್ಪನೆಯ ಇನ್ನೊಂದು ಬಿಳಿ ಗೆರೆ. ಮೇಲಿನ ಗೆರೆ ರಕ್ತ ಮತ್ತು ಗೋಡೆಯ ಒಳಗಿನ ಇಂಟಿಮಾ ಪದರ ಕೂಡುವ ಜಾಗ. ಕೆಳಗಿನದು ನಡುವಿನ ಪದರ ಮೀಡಿಯಾ ಮತ್ತು ಹೊರಪದರ ಅಡ್ವೆಂಟೀಷಿಯಾ ಕೂಡುವ ಜಾಗ. ಮೊದಲ ಗೆರೆಯ ಮೇಲಂಚಿನಿಂದ ಎರಡನೆಯ ಗೆರೆಯ ಮೇಲಂಚಿನವರೆಗಿನ ದೂರವೇ ಐಎಂಟಿ. ಇಟಲಿಯ ಪಾವ್ಲೊ ಪಿನ್ಯೋಲಿ ಮತ್ತು ಸಂಗಡಿಗರು 1986ರಲ್ಲಿ ಈ ಜೋಡಿ ಗೆರೆಯ ಅಂತರವನ್ನು ನಿಜವಾದ ರಕ್ತನಾಳದ ತುಂಡುಗಳ ಅಳತೆಯೊಂದಿಗೆ ಹೋಲಿಸಿ, ಎರಡೂ ಹೊಂದುತ್ತವೆ ಎಂದು ತೋರಿಸಿದರು. ಇವತ್ತಿನ ಎಲ್ಲ ಅಳತೆಗಳೂ ಆ ಕೆಲಸದ ಮೇಲೆಯೇ ನಿಂತಿವೆ.

ಇಂಟಿಮಾ ಎಷ್ಟು, ಮೀಡಿಯಾ ಎಷ್ಟು ಎಂದು ಈ ಅಳತೆ ಬಿಡಿಸಿ ಹೇಳುವುದಿಲ್ಲ. ಕೊಬ್ಬು ಕೂರುವುದು ಇಂಟಿಮಾದಲ್ಲಿ. ಬಿಪಿಗೆ ಮತ್ತು ವಯಸ್ಸಿಗೆ ದಪ್ಪವಾಗುವುದು ಹೆಚ್ಚಾಗಿ ಮೀಡಿಯಾ. ಹಾಗಾಗಿ ದಪ್ಪ ಜಾಸ್ತಿ ಎಂದಾಕ್ಷಣ ಕೊಬ್ಬು ಕಟ್ಟಿದೆ ಎಂದು ಓದಬಾರದು.

ಇನ್ನು ಗಾತ್ರದ ಲೆಕ್ಕ. ದೇಹದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 7.5 ಮೆಗಾಹರ್ಟ್ಸ್ ಪ್ರೋಬಿನಲ್ಲಿ ಒಂದು ಅಲೆಯ ಉದ್ದ ಸುಮಾರು 0.2 ಮಿ.ಮೀ., 10 ಮೆಗಾಹರ್ಟ್ಸ್‌ನಲ್ಲಿ 0.15 ಮಿ.ಮೀ. ಯಂತ್ರ ಎರಡು ಗೆರೆಗಳನ್ನು ಬಿಡಿಸಿ ತೋರಿಸುವ ಶಕ್ತಿ ಹೆಚ್ಚು ಕಡಿಮೆ ಇಷ್ಟೇ. ಗೋಡೆ ವರ್ಷಕ್ಕೆ ದಪ್ಪವಾಗುವುದಾದರೋ ಸರಾಸರಿ 0.01 ಮಿ.ಮೀ. ಆಸುಪಾಸು. ಒಂದು ಚುಕ್ಕೆಯಲ್ಲಿ ಒಮ್ಮೆ ಅಳೆದು ವರ್ಷದ ಬದಲಾವಣೆ ಹುಡುಕುವುದು ಕಟ್ಟಿಗೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಸೆಂಟಿಮೀಟರ್ ಉದ್ದದ ಗೋಡೆಯಲ್ಲಿ ನೂರಾರು ಕಡೆ ಅಳೆದು ಸರಾಸರಿ ತೆಗೆದರೆ ಮಾತ್ರ ತಪ್ಪುಗಳು ಒಂದನ್ನೊಂದು ಕಳೆದುಕೊಂಡು ಅಂಕಿ ಗಟ್ಟಿಯಾಗುತ್ತದೆ.

ಯಾವ ಜಾಗದಲ್ಲಿ ಅಳೆಯಬೇಕು

ಮೂರು ಜಾಗಗಳಿವೆ. ಕವಲೊಡೆಯುವ ಮೊದಲಿನ ಕಾಮನ್ ಕ್ಯಾರೊಟಿಡ್, ಕವಲಿನ ಬಳಿ ಉಬ್ಬಿರುವ ಬಲ್ಬ್, ಮಿದುಳಿನ ಕಡೆಗೆ ಹೋಗುವ ಇಂಟರ್ನಲ್ ಕ್ಯಾರೊಟಿಡ್. ಕಾಮನ್ ಕ್ಯಾರೊಟಿಡ್ ನೇರವಾಗಿದೆ, ಚರ್ಮಕ್ಕೆ ಹತ್ತಿರ, ಶಬ್ದದ ಅಲೆಗೆ ಲಂಬವಾಗಿ ಸಿಗುತ್ತದೆ. ಯಾರು ಅಳೆದರೂ ಅಂಕಿಗಳು ಹತ್ತಿರ ಹತ್ತಿರ ಬರುವುದು ಇಲ್ಲಿಯೇ. ಉಳಿದ ಎರಡು ಜಾಗಗಳು ವಕ್ರ. ಕೆಲವರಲ್ಲಿ ದವಡೆಯ ಹಿಂದೆ ಅಡಗಿರುತ್ತವೆ, ಗಿಡ್ಡ ಕತ್ತಿನವರಲ್ಲಿ ಸಿಗುವುದೇ ಕಷ್ಟ. ಆದರೆ ಕೊಬ್ಬು ಮೊದಲು ಕಟ್ಟುವುದು ಅಲ್ಲೇ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಸಂತತಿ ಅಧ್ಯಯನದ 2,965 ಜನರ ಫಲಿತಾಂಶ 2011ರಲ್ಲಿ ಪ್ರಕಟವಾದಾಗ, ಅಪಾಯದ ಅಂದಾಜನ್ನು ಸುಧಾರಿಸಿದ್ದು ಇಂಟರ್ನಲ್ ಕ್ಯಾರೊಟಿಡ್‌ನ ಗರಿಷ್ಠ ದಪ್ಪ. ಕಾಮನ್ ಕ್ಯಾರೊಟಿಡ್‌ನ ಸರಾಸರಿ ಆ ಕೆಲಸ ಮಾಡಲಿಲ್ಲ. ಚೆನ್ನಾಗಿ ಅಳೆಯಲು ಸಿಗುವ ಜಾಗ ಒಂದು, ರೋಗ ಕೂರುವ ಜಾಗ ಇನ್ನೊಂದು. ಈ ಬಿಕ್ಕಟ್ಟನ್ನು ಯಾವ ಯಂತ್ರವೂ ಪೂರ್ತಿ ಬಿಡಿಸಿಲ್ಲ.

ಹತ್ತಿರದ ಗೋಡೆಯೋ ದೂರದ ಗೋಡೆಯೋ ಎಂಬ ಪ್ರಶ್ನೆಗೆ ಉತ್ತರ ಸುಲಭ: ದೂರದ್ದು. ಹತ್ತಿರದ ಗೋಡೆಯಲ್ಲಿ ಅಳತೆ ಗೆರೆಗಳ ಹಿಂದಿನ ಅಂಚಿನಿಂದ ಶುರುವಾಗುತ್ತದೆ. ಚಿತ್ರದ ಹೊಳಪು ಹೆಚ್ಚಿಸುವ ಗೇನ್ ಗುಂಡಿ ತಿರುಗಿಸಿದರೆ ಗೆರೆ ದಪ್ಪವಾಗಿ ಆ ಅಂಚೇ ಸರಿಯುತ್ತದೆ.

ದೂರದ ಗೋಡೆ ಎಂದರೂ ಎಲ್ಲರೂ ಒಂದೇ ಸೆಂಟಿಮೀಟರ್ ಅಳೆಯುತ್ತಾರೆ ಎಂದುಕೊಳ್ಳಬೇಡಿ. ಅಮೆರಿಕನ್ ಎಕೋಕಾರ್ಡಿಯೋಗ್ರಫಿ ಸೊಸೈಟಿಯ 2008ರ ಹೇಳಿಕೆ ಬಲ್ಬಿಗೆ ಮುಂಚಿನ ಕೊನೆಯ 1 ಸೆಂ.ಮೀ. ಅಳೆಯಿರಿ ಎನ್ನುತ್ತದೆ. ಈ ಅಳತೆಯ ಬಗ್ಗೆ ತಜ್ಞರು ಮಾಡಿಕೊಂಡ, 2004ರಲ್ಲಿ ಶುರುವಾಗಿ ಮುಂದೆ ಪರಿಷ್ಕರಣೆಗೊಂಡ ಮ್ಯಾನ್‌ಹೈಮ್ ಒಪ್ಪಂದ, ಕಾಮನ್ ಕ್ಯಾರೊಟಿಡ್ ಮುಗಿಯುವ ಜಾಗದಿಂದ ಕನಿಷ್ಠ 5 ಮಿ.ಮೀ. ಕೆಳಗೆ, ಪ್ಲಾಕ್ (ಗೋಡೆಯಿಂದ ಎದ್ದ ದಿಬ್ಬ) ಇಲ್ಲದ ನೇರ ಭಾಗದಲ್ಲಿ ಅಳೆಯಿರಿ ಎನ್ನುತ್ತದೆ. ಬಲ್ಬಿನ ಹತ್ತಿರ ಹೋದಷ್ಟೂ ಗೋಡೆ ದಪ್ಪ. ಹಾಗಾಗಿ ಎರಡು ಒಳ್ಳೆಯ ಸೆಂಟರುಗಳು ಎರಡು ಒಳ್ಳೆಯ ಪದ್ಧತಿಗಳನ್ನು ಹಿಡಿದು ಬೇರೆ ಬೇರೆ ಅಂಕಿ ಕೊಟ್ಟರೆ ಯಾರದೂ ತಪ್ಪಲ್ಲ. ಆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದವರದು ತಪ್ಪು.

ಕ್ಯಾಲಿಪರ್, ಅಂಚು ಹುಡುಕುವ ಸಾಫ್ಟ್‌ವೇರ್, ಮೂಲ ಸಿಗ್ನಲ್

ಎಲ್ಲೆಡೆ ಸಿಗುವುದು ಕ್ಯಾಲಿಪರ್. ಚಿತ್ರವನ್ನು ಫ್ರೀಜ್ ಮಾಡಿ, ಟ್ರ್ಯಾಕ್‌ಬಾಲ್ ಉರುಳಿಸಿ, ಒಂದು ಗೆರೆಯ ಮೇಲೆ ಒಂದು ಕೂಡಿಸುವ ಚಿಹ್ನೆ, ಇನ್ನೊಂದರ ಮೇಲೆ ಇನ್ನೊಂದು. ಅಂಕಿ ತಟ್ಟನೆ ಬರುತ್ತದೆ. ಆದರೆ ಟ್ರ್ಯಾಕ್‌ಬಾಲ್ ಕೂದಲೆಳೆಯಷ್ಟು ಅಲುಗಿದರೂ 0.05 ಮಿ.ಮೀ. ಆಚೀಚೆ. ಅದರ ಮೇಲೆ ರಿಪೋರ್ಟಿನಲ್ಲಿ ಒಂದೇ ದಶಮಾಂಶಕ್ಕೆ ಬರೆದರೆ, 0.8 ಎಂಬುದು 0.75ರಿಂದ 0.85ರವರೆಗೆ ಏನೂ ಆಗಿರಬಹುದು. ಬರೆಯುವ ರೀತಿಯಲ್ಲೇ ಹತ್ತು ವರ್ಷದ ಬೆಳವಣಿಗೆ ಮುಚ್ಚಿಹೋಯಿತು.

ಅಂಚು ಹುಡುಕುವ ಸಾಫ್ಟ್‌ವೇರಿನಲ್ಲಿ ಆಪರೇಟರ್ 1 ಸೆಂ.ಮೀ. ಚೌಕ ಇಡುತ್ತಾರೆ. ಯಂತ್ರ ಎರಡೂ ಗೆರೆಗಳನ್ನು ಉದ್ದಕ್ಕೂ ಗುರುತಿಸಿ ಸರಾಸರಿ ಮತ್ತು ಗರಿಷ್ಠ ಎರಡನ್ನೂ ಕೊಡುತ್ತದೆ. ಹಳದಿಯೋ ಹಸಿರೋ ಗೆರೆ ಗೋಡೆಯ ಮೇಲೆ ಸರಿಯಾಗಿ ಕೂತಿದೆಯೇ ಎಂದು ನೋಡಿ, ತಪ್ಪಿದ ಕಡೆ ಕೈಯಿಂದ ತಿದ್ದಬೇಕು. 2008ರ ಹೇಳಿಕೆ ಶಿಫಾರಸು ಮಾಡುವುದು ಇದನ್ನೇ. ನನ್ನ ಆಯ್ಕೆಯೂ ಇದೇ. ಪೂರ್ತಿ ಸ್ವಯಂಚಾಲಿತ ಎಂದು ಮಾರುವ ಸಾಫ್ಟ್‌ವೇರ್ ಸ್ವಚ್ಛ ಚಿತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಸುಕು ಚಿತ್ರದಲ್ಲಿ ಅದು ತಪ್ಪು ಗೆರೆಯನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಎಳೆಯುತ್ತದೆ. ಎರಡು ಸಲ ಒಂದೇ ತಪ್ಪು ಬಂದರೆ ಅಂಕಿ ಸ್ಥಿರವಾಗಿ ಕಾಣುತ್ತದೆಯೇ ಹೊರತು ಸರಿಯಾಗುವುದಿಲ್ಲ.

ಮೂರನೆಯದು ಚಿತ್ರವಾಗುವ ಮುಂಚಿನ ರೇಡಿಯೊ ಫ್ರೀಕ್ವೆನ್ಸಿ ಸಿಗ್ನಲನ್ನೇ ಬಳಸಿ ಹಲವು ಹೃದಯಬಡಿತಗಳ ಉದ್ದಕ್ಕೂ ಗೋಡೆಯನ್ನು ಹಿಂಬಾಲಿಸುವ ವಿಧಾನ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಮಾತ್ರ ಇದೆ. ಸೂಕ್ಷ್ಮವಾದದ್ದು, ಅಳೆಯುವಾಗಲೇ ಗುಣಮಟ್ಟ ಕಾಣುತ್ತದೆ. ಸಂಶೋಧನಾ ಕೇಂದ್ರದಲ್ಲಿ ಈಗಾಗಲೇ ಇದ್ದರೆ ಖಂಡಿತ ಬಳಸಿ. ಇದೊಂದಕ್ಕಾಗಿ ಹೊಸ ಯಂತ್ರ ಕೊಳ್ಳುವ ಅಗತ್ಯ ಕಾಣುವುದಿಲ್ಲ.

ಅಂಕಿಯನ್ನು ಅಲುಗಿಸುವ ಸಂಗತಿಗಳು

ಎಷ್ಟು ಸಣ್ಣ ತಪ್ಪು ಎಷ್ಟು ದೊಡ್ಡದಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ರಕ್ತನಾಳದ ಒಳ ತ್ರಿಜ್ಯ 3 ಮಿ.ಮೀ., ಗೋಡೆ 0.70 ಮಿ.ಮೀ. ಇರಲಿ. ಪ್ರೋಬ್ ನಟ್ಟನಡುವೆ ಕತ್ತರಿಸುವ ಬದಲು 1 ಮಿ.ಮೀ. ಪಕ್ಕಕ್ಕೆ ಸರಿದು ಕತ್ತರಿಸಿದರೆ, ಅದೇ ಗೋಡೆ 0.73 ಎಂದು ಕಾಣುತ್ತದೆ. ಕೈ 1 ಮಿ.ಮೀ. ಜಾರಿದ್ದಕ್ಕೆ ಮೂರು ವರ್ಷ ವಯಸ್ಸಾಯಿತು. ಅಲೆ ಲಂಬವಾಗಿರದೆ 20 ಡಿಗ್ರಿ ವಾಲಿದರೆ ಶೇ. 6ರಷ್ಟು ಹೆಚ್ಚು, ಅಂದರೆ 0.70 ಇದ್ದದ್ದು 0.74ರ ಮೇಲೆ. ಎರಡೂ ತಪ್ಪುಗಳು ದಪ್ಪವನ್ನು ಹೆಚ್ಚಿಸುತ್ತವೆ, ಕಡಿಮೆ ಮಾಡುವುದಿಲ್ಲ. ಅನುಭವ ಇಲ್ಲದ ಕೈಗಳು ಅಳೆದ ಗುಂಪಿನಲ್ಲಿ ಎಲ್ಲರ ಗೋಡೆಯೂ ದಪ್ಪ ಬರಲು ಇದು ಒಂದು ಕಾರಣ. ಎರಡೂ ಗೋಡೆಗಳಲ್ಲಿ ಜೋಡಿ ಗೆರೆ ಒಟ್ಟಿಗೇ ಚೂಪಾಗಿ ಕಂಡರೆ ಪ್ರೋಬ್ ನಡುವಿನಲ್ಲಿದೆ ಎಂದು ಅರ್ಥ. ಒಂದರಲ್ಲಿ ಮಾತ್ರ ಕಂಡರೆ ಕೈ ಸರಿಪಡಿಸಿಕೊಳ್ಳಬೇಕು.

ಹೃದಯ ಬಡಿದಾಗ ರಕ್ತನಾಳ ಹಿಗ್ಗಿ ಗೋಡೆ ತೆಳುವಾಗುತ್ತದೆ. ವ್ಯಾಸ ಶೇ. 6ರಷ್ಟು ಹಿಗ್ಗಿದರೂ ದಪ್ಪದಲ್ಲಿ 0.04 ಮಿ.ಮೀ. ವ್ಯತ್ಯಾಸ ಬೀಳುತ್ತದೆ. ಅದಕ್ಕಾಗಿಯೇ ಇಸಿಜಿ ತಂತಿ ಹಚ್ಚಿ, ಆರ್ ಅಲೆಯ (ಇಸಿಜಿಯ ಎತ್ತರದ ಗೆರೆ, ರಕ್ತನಾಳ ಹಿಗ್ಗುವ ಮುಂಚಿನ ಕ್ಷಣ) ಹೊತ್ತಿನ ಚಿತ್ರವನ್ನೇ ಆರಿಸಬೇಕು ಎನ್ನುವುದು. ನಮ್ಮ ಕಡೆಯ ಮಾಮೂಲಿ ಕತ್ತಿನ ಸ್ಕ್ಯಾನಿನಲ್ಲಿ ಇಸಿಜಿ ಹಚ್ಚುವುದು ಅಪರೂಪ. ಫ್ರೀಜ್ ಗುಂಡಿ ಒತ್ತಿದ ಕ್ಷಣವೇ ಅಳತೆಯ ಕ್ಷಣ.

ಇನ್ನು ಯಾವ ಕೋನದಿಂದ ನೋಡುವುದು. ಗೋಡೆ ಸುತ್ತಲೂ ಒಂದೇ ಸಮ ಇರುವುದಿಲ್ಲ. ಮುಂದಿನಿಂದ ನೋಡಿದರೆ ಒಂದು ದಪ್ಪ, ಪಕ್ಕದಿಂದ ಇನ್ನೊಂದು. ಯುರೋಪಿನ ಅಧ್ಯಯನಗಳಲ್ಲಿ ಮೈಯರ್ ಆರ್ಕ್ ಎಂಬ, ಡಿಗ್ರಿ ಗುರುತು ಹಾಕಿದ ಕಮಾನನ್ನು ಕತ್ತಿನ ಸುತ್ತ ಇಟ್ಟು ಪ್ರತಿ ಸಲವೂ ಅದೇ ಕೋನಕ್ಕೆ ಪ್ರೋಬ್ ತರುತ್ತಾರೆ. ಬಹಳ ಸರಳ ಸಾಧನ. ಥೀಸಿಸ್ ಮಾಡುವವರು ಇದನ್ನು ಬಿಡಲೇಬಾರದು ಎಂಬುದು ನನ್ನ ಒತ್ತಾಯ.

ವಿಶ್ವಾಸಾರ್ಹತೆ ಶೇ. 98 ಎಂದು ಬರೆದಿದ್ದರೆ

ಲೇಖನಗಳಲ್ಲಿ, ಸಾಫ್ಟ್‌ವೇರ್ ಜಾಹೀರಾತುಗಳಲ್ಲಿ 0.95, 0.98 ಎಂಬ ಅಂಕಿಗಳು ಧಾರಾಳವಾಗಿ ಸಿಗುತ್ತವೆ. ಮೊದಲು ಕೇಳಬೇಕಾದದ್ದು: ಏನನ್ನು ಎರಡು ಸಲ ಮಾಡಿದಿರಿ? ಫ್ರೀಜ್ ಆದ ಅದೇ ಚಿತ್ರವನ್ನು ಅದೇ ವ್ಯಕ್ತಿ ಎರಡು ಸಲ ಅಳೆದರೆ ಹೊಂದಾಣಿಕೆ ಚೆನ್ನಾಗಿಯೇ ಬರುತ್ತದೆ. ಅಲ್ಲಿ ಪರೀಕ್ಷೆಯಾದದ್ದು ಟ್ರ್ಯಾಕ್‌ಬಾಲ್ ಹಿಡಿದ ಬೆರಳು ಮಾತ್ರ. ಪೇಷೆಂಟನ್ನು ಒಂದು ವಾರ ಬಿಟ್ಟು ಮತ್ತೆ ಮಲಗಿಸಿ, ಬೇರೆಯವರ ಕೈಗೆ ಪ್ರೋಬ್ ಕೊಟ್ಟು, ಹಿಂದಿನ ಅಂಕಿ ತೋರಿಸದೆ ಅಳೆಸಿದಾಗ ಬರುವ ವ್ಯತ್ಯಾಸವೇ ನಿಜವಾದ ವ್ಯತ್ಯಾಸ. ಯಂತ್ರವೂ ಬದಲಾದರೆ ಇನ್ನೂ ಹೆಚ್ಚು.

ಎರಡನೆಯದು, ಯಾವ ಸೂಚ್ಯಂಕ? ಸಹಸಂಬಂಧ ಗುಣಾಂಕ ಇಲ್ಲಿ ಕೆಲಸಕ್ಕೆ ಬಾರದು. ಒಬ್ಬರು ಯಾವಾಗಲೂ 0.1 ಹೆಚ್ಚು ಓದಿದರೂ ಅದು ಪೂರ್ತಿ 1 ತೋರಿಸಬಹುದು. ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಶನ್, ಎರಡು ಅಳತೆಗಳ ಹೊಂದಾಣಿಕೆಯ ಸೂಚ್ಯಂಕ) ಅದಕ್ಕಿಂತ ವಾಸಿ. ಆದರೆ ಇಪ್ಪತ್ತರ ಹುಡುಗರನ್ನೂ ಎಪ್ಪತ್ತರ ಹಿರಿಯರನ್ನೂ ಒಂದೇ ಗುಂಪಿಗೆ ಸೇರಿಸಿದರೆ, ಅಳತೆ ಸುಧಾರಿಸದೆಯೇ ಐಸಿಸಿ ಏರುತ್ತದೆ. ಬ್ಲಾಂಡ್ ಮತ್ತು ಆಲ್ಟ್‌ಮನ್ ತಮ್ಮ ಹೆಸರಾಂತ ವಿಧಾನವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಪಿನ್ಯೋಲಿಯ ಲೇಖನ ಬಂದ 1986ರಲ್ಲೇ. ಅವರ ದಾರಿ ಸರಳ: ಎರಡು ಅಳತೆಗಳ ವ್ಯತ್ಯಾಸವನ್ನು ಮಿ.ಮೀ.ನಲ್ಲೇ ತೋರಿಸಿ. ಅಳತೆಯ ತಪ್ಪಿನ ಪ್ರಮಾಣಿತ ವಿಚಲನೆ 0.04 ಮಿ.ಮೀ. ಎಂದಿಟ್ಟುಕೊಳ್ಳಿ. ಅದನ್ನು 2.77ರಿಂದ (ಎರಡು ಅಳತೆಗಳ ವ್ಯತ್ಯಾಸದ ಶೇ. 95ರ ಮಿತಿಗೆ ಬಳಸುವ ಗುಣಕ) ಗುಣಿಸಿದರೆ 0.11. ಒಬ್ಬ ವ್ಯಕ್ತಿಯ ಎರಡು ಅಳತೆಗಳ ನಡುವೆ 0.11 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮಾತ್ರ ಏನೋ ಬದಲಾಗಿದೆ ಎನ್ನಬಹುದು. ವರ್ಷಕ್ಕೆ 0.01ರ ಲೆಕ್ಕದಲ್ಲಿ ಅದಕ್ಕೆ ಹನ್ನೊಂದು ವರ್ಷ ಬೇಕು.

ಅದೇ ಅಳತೆಯನ್ನು 400 ಜನರಲ್ಲಿ ಎರಡೆರಡು ಸಲ ಮಾಡಿದರೆ, ಅಳತೆಯ ತಪ್ಪಿನಿಂದ ಸರಾಸರಿ ಬದಲಾವಣೆಯಲ್ಲಿ ಉಳಿಯುವ ಅನಿಶ್ಚಿತತೆ ಸುಮಾರು 0.003 ಮಿ.ಮೀ. ಮಾತ್ರ. ವ್ಯಕ್ತಿಗೆ ಕುರುಡಾದ ಅಳತೆ ಗುಂಪಿಗೆ ಕಣ್ಣಾಗುವುದು ಹೀಗೆ.

ಇನ್ನೊಂದು ಮೋಸ ಇದೆ. ಮೊದಲ ಸಲ ದಪ್ಪ ಹೆಚ್ಚು ಬಂದವರನ್ನೇ ಆರಿಸಿ ಮಾತ್ರೆ ಕೊಟ್ಟರೆ, ಎರಡನೆಯ ಸಲ ಸರಾಸರಿ ಇಳಿದೇ ಇಳಿಯುತ್ತದೆ. ಮೊದಲ ಅಂಕಿಯಲ್ಲಿ ತಪ್ಪಿನ ಪಾಲೂ ಇತ್ತಲ್ಲ, ಅದು ಕಳಚಿಕೊಳ್ಳುತ್ತದೆ. ಮಾತ್ರೆ ಪಡೆಯದ ಹೋಲಿಕೆಯ ಗುಂಪಿಲ್ಲದೆ ಇದನ್ನು ಚಿಕಿತ್ಸೆಯ ಫಲ ಎನ್ನಬಾರದು.

ದೊಡ್ಡ ಅಧ್ಯಯನಗಳು ಹೇಳಿದ್ದು

2007ರಲ್ಲಿ ಲೊರೆನ್ಜ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ದಪ್ಪದಲ್ಲಿ 0.1 ಮಿ.ಮೀ. ಹೆಚ್ಚಿದ್ದವರಿಗೆ ಹೃದಯಾಘಾತದ ಅಪಾಯ ಶೇ. 10ರಿಂದ 15, ಲಕ್ವದ ಅಪಾಯ ಶೇ. 13ರಿಂದ 18 ಹೆಚ್ಚು ಎಂದು ಕಂಡಿತು. ಇದು ನಿಜ. ಆದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ವಯಸ್ಸು ಇವೆಲ್ಲ ಗೊತ್ತಿರುವಾಗ ಈ ಅಳತೆ ಹೊಸದಾಗಿ ಏನು ಸೇರಿಸುತ್ತದೆ? 45,828 ಜನರ ಮಾಹಿತಿ ಕೂಡಿಸಿದ 2012ರ ವಿಶ್ಲೇಷಣೆಯಲ್ಲಿ ಅಪಾಯದ ವರ್ಗೀಕರಣದ ಸುಧಾರಣೆ ಶೇ. 0.8 ಮಾತ್ರ. ಅದೇ ವರ್ಷ ಲ್ಯಾನ್ಸೆಟ್‌ನಲ್ಲಿ ಬಂದ 36,984 ಜನರ ವಿಶ್ಲೇಷಣೆಯಲ್ಲಿ, ಒಬ್ಬೊಬ್ಬರ ಗೋಡೆ ಎಷ್ಟು ವೇಗದಲ್ಲಿ ದಪ್ಪವಾಯಿತು ಎಂಬುದಕ್ಕೂ ಮುಂದೆ ಅವರಿಗೆ ಆದದ್ದಕ್ಕೂ ಸಂಬಂಧ ಕಾಣಲಿಲ್ಲ. ವರ್ಷ ವರ್ಷ ಅಳೆಸಿಕೊಳ್ಳುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಔಷಧ ಪ್ರಯೋಗಗಳ ಕಥೆ ಇನ್ನೂ ಜಟಿಲ. ಎನ್‌ಹಾನ್ಸ್ ಪ್ರಯೋಗದಲ್ಲಿ, ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚಿರುವ 720 ಜನರಲ್ಲಿ ಅರ್ಧ ಜನಕ್ಕೆ ಕೊಲೆಸ್ಟ್ರಾಲ್ ಮಾತ್ರೆ ಸಿಮ್ವಾಸ್ಟಾಟಿನ್ ಜೊತೆ ಇನ್ನೊಂದು ಕೊಲೆಸ್ಟ್ರಾಲ್ ಔಷಧ ಎಜೆಟಿಮೈಬ್ ಸೇರಿಸಿ ಎರಡು ವರ್ಷ ಕೊಟ್ಟರು. ಗೋಡೆಯ ದಪ್ಪದಲ್ಲಿ ಗುಂಪುಗಳ ನಡುವೆ ಅರ್ಥಪೂರ್ಣ ವ್ಯತ್ಯಾಸ ಬರಲಿಲ್ಲ. 2008ರಲ್ಲಿ ಎಜೆಟಿಮೈಬ್‌ನ ಹೆಸರೇ ಕೆಟ್ಟಿತು. ಮುಂದೆ 18,144 ಜನರ ಇಂಪ್ರೂವ್-ಇಟ್ ಪ್ರಯೋಗದಲ್ಲಿ ಅದೇ ಔಷಧ ಹೃದಯಾಘಾತಗಳನ್ನು ಕಡಿಮೆ ಮಾಡಿತು. ಆ ರೋಗಿಗಳು ಬೇರೆ ಬಗೆಯವರು, ನಿಜ. ಆದರೂ ದಪ್ಪದ ಅಂಕಿಯೊಂದನ್ನೇ ನಂಬಿ ಔಷಧದ ಹಣೆಬರಹ ಬರೆಯುವಂತಿಲ್ಲ ಎಂಬುದು ಸ್ಪಷ್ಟ. ಇದಕ್ಕೆ ಪ್ರತಿಯಾಗಿ 119 ಪ್ರಯೋಗಗಳ ಒಂದು ಲಕ್ಷ ಜನರನ್ನು ಕೂಡಿಸಿದ 2020ರ ವಿಶ್ಲೇಷಣೆ, ದಪ್ಪವಾಗುವ ವೇಗವನ್ನು ತಗ್ಗಿಸಿದ ಚಿಕಿತ್ಸೆಗಳು ಅಪಾಯವನ್ನೂ ತಗ್ಗಿಸಿವೆ ಎಂದಿತು. ಗುಂಪಿನ ಮಟ್ಟದಲ್ಲಿ ಅಳತೆಗೆ ಬೆಲೆ ಇದೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಒಬ್ಬರಿಗಾದರೆ: ದಪ್ಪವೋ, ಪ್ಲಾಕೋ, ಕ್ಯಾಲ್ಸಿಯಂ ಸ್ಕೋರೋ

2010ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಈ ಅಳತೆಯನ್ನು ಮಧ್ಯಮ ಅಪಾಯದವರಲ್ಲಿ ಒಪ್ಪಿದ್ದವು. 2013ರಲ್ಲಿ ವಾಡಿಕೆಯ ಬಳಕೆ ಬೇಡ ಎಂದವು. ಕೊಟ್ಟ ಕಾರಣಗಳಲ್ಲಿ ಅಳತೆಯ ಗುಣಮಟ್ಟದ ಬಗೆಗಿನ ಅನುಮಾನವೂ ಒಂದು. ಯುರೋಪಿನ 2016ರ ಮಾರ್ಗಸೂಚಿಯೂ ಅದನ್ನೇ ಹೇಳಿತು, ಪ್ಲಾಕ್ ಹುಡುಕುವುದನ್ನು ಮಾತ್ರ ಪರಿಗಣಿಸಬಹುದು ಎಂದಿತು.

ಪ್ಲಾಕ್ ಎಂದರೆ ಗೋಡೆಯ ಒಂದು ಕಡೆ ಎದ್ದ ದಿಬ್ಬ. ಮ್ಯಾನ್‌ಹೈಮ್ ಒಪ್ಪಂದದ ಪ್ರಕಾರ ಸುತ್ತಲಿನ ಗೋಡೆಗಿಂತ 0.5 ಮಿ.ಮೀ. ಅಥವಾ ಶೇ. 50ರಷ್ಟು ಒಳಕ್ಕೆ ಉಬ್ಬಿರಬೇಕು, ಇಲ್ಲವೇ ದಪ್ಪ 1.5 ಮಿ.ಮೀ. ಮೀರಿರಬೇಕು. 0.70 ಮತ್ತು 0.73ರ ನಡುವೆ ಜಗಳ ಬರುವ ಕಡೆ, 1.8 ಮಿ.ಮೀ. ದಿಬ್ಬ ಇದೆಯೋ ಇಲ್ಲವೋ ಎಂಬುದಕ್ಕೆ ಜಗಳ ಕಡಿಮೆ. ಬಲ್ಬನ್ನೂ ಇಂಟರ್ನಲ್ ಕ್ಯಾರೊಟಿಡನ್ನೂ ಎರಡೂ ಕಡೆ, ಉದ್ದಕ್ಕೂ ಅಡ್ಡಕ್ಕೂ ಹುಡುಕಿ ನೋಡಬೇಕು, ಅಷ್ಟೇ. ಹೃದಯದ ಅಪಾಯ ಹೇಳುವುದರಲ್ಲಿಯೂ ಪ್ಲಾಕ್ ಬರಿಯ ದಪ್ಪಕ್ಕಿಂತ ಮುಂದಿದೆ.

ಸಿಟಿ ಸ್ಕ್ಯಾನಿನಲ್ಲಿ ನೋಡುವ ಹೃದಯದ ಕ್ಯಾಲ್ಸಿಯಂ ಸ್ಕೋರ್ (ಹೃದಯದ ರಕ್ತನಾಳಗಳಲ್ಲಿ ಕೂತ ಕ್ಯಾಲ್ಸಿಯಂನ ಲೆಕ್ಕ) ಅಳತೆಯಾಗಿ ಇನ್ನೂ ಗಟ್ಟಿ. ಅಮೆರಿಕದ ಬಹುಜನಾಂಗೀಯ ಅಧ್ಯಯನದಲ್ಲಿ ಅದು ಕತ್ತಿನ ದಪ್ಪವನ್ನು ಹಿಂದೆ ಹಾಕಿತು. ಸ್ವಲ್ಪ ವಿಕಿರಣ ಬೀಳುತ್ತದೆ, ಖರ್ಚು ಹೆಚ್ಚು. ವಯಸ್ಸು ಚಿಕ್ಕದಾದರೆ ಮೆದು ಪ್ಲಾಕ್ ಇದ್ದೂ ಸ್ಕೋರ್ ಸೊನ್ನೆ ಬರಬಹುದು. ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಕಾಣುವ ನಮ್ಮ ಜನರಲ್ಲಿ ಇದು ಸಣ್ಣ ಕೊರತೆಯಲ್ಲ.

ದಪ್ಪವನ್ನು ಪರ್ಸೆಂಟೈಲ್ ಕೋಷ್ಟಕಕ್ಕೆ (ಅದೇ ವಯಸ್ಸಿನ ನೂರು ಜನರಲ್ಲಿ ಎಷ್ಟನೆಯ ಸ್ಥಾನ ಎಂದು ತೋರಿಸುವುದು) ಹಾಕಿ 75ರ ಮೇಲಿದ್ದರೆ ಅಪಾಯ ಎನ್ನುವ ಪದ್ಧತಿಯೂ ಇದೆ. 2008ರ ಹೇಳಿಕೆಯ ಕೋಷ್ಟಕಗಳು ಅಮೆರಿಕ, ಯುರೋಪಿನ ಜನರವು. ದಾವಣಗೆರೆಯ ಐವತ್ತರ ಹೆಂಗಸಿನ ಅಂಕಿಯನ್ನು ಅದರಲ್ಲಿ ಹುಡುಕುವುದು ಸರಿಯಲ್ಲ. ಎಲ್ಲ ವಯಸ್ಸಿಗೂ 0.9 ಎಂಬ ಒಂದೇ ಗೆರೆ ಎಳೆಯುವುದು ಅದಕ್ಕಿಂತ ಒರಟು.

ಹಾಗಾದರೆ ಅಪ್ಪನಿಗೋ ಅಮ್ಮನಿಗೋ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಈ ಸ್ಕ್ಯಾನ್ ಇದ್ದರೆ? ಮಾಡಿಸಿ, ನಷ್ಟವಿಲ್ಲ. ಪ್ಲಾಕ್ ಇದೆಯೇ, ಎಲ್ಲಿ, ಎಷ್ಟು ದಪ್ಪ ಎಂದು ಬರೆದುಕೊಡಿ ಎಂದು ಕೇಳಿ. ಇದ್ದರೆ ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬಗ್ಗೆ ಡಾಕ್ಟರ ಹತ್ತಿರ ಮಾತಾಡಲು ಕಾರಣ ಸಿಕ್ಕಿತು. ಇಲ್ಲದಿದ್ದರೆ ಬಿಪಿ, ಶುಗರ್ ಮರೆಯುವಂತಿಲ್ಲ. ಮುಂದಿನ ವರ್ಷ ದಪ್ಪ ಹೋಲಿಸಲೆಂದೇ ಮತ್ತೆ ಹೋಗಬೇಡಿ. ಚಿತ್ರವನ್ನು ಪೇಷೆಂಟಿಗೇ ತೋರಿಸಿ ವಿವರಿಸಿದರೆ ಲಾಭವಿದೆ. ಸ್ವೀಡನ್ನಿನ 3,532 ಜನರ ವಿಪ್‌ವೀಜಾ ಪ್ರಯೋಗದಲ್ಲಿ, ತಮ್ಮ ಕ್ಯಾರೊಟಿಡ್‌ನ ಚಿತ್ರರೂಪದ ವಿವರ ಪಡೆದವರ ಅಪಾಯದ ಅಂಕಗಳು ಒಂದು ವರ್ಷದ ನಂತರ ಪಡೆಯದವರಿಗಿಂತ ಉತ್ತಮವಾಗಿದ್ದವು. ಅದರ ಫಲಿತಾಂಶ ಬಂದದ್ದು 2019ರಲ್ಲಿ.

ಪಿಜಿಗಳಿಗೆ ನನ್ನ ಆಯ್ಕೆ: ಕಾಮನ್ ಕ್ಯಾರೊಟಿಡ್, ದೂರದ ಗೋಡೆ, ಎರಡೂ ಕಡೆ, ಒಂದೇ ಒಪ್ಪಂದ ಹಿಡಿದು 1 ಸೆಂ.ಮೀ. ಸರಾಸರಿ, ಅಂಚು ಹುಡುಕುವ ಸಾಫ್ಟ್‌ವೇರ್, ಇಸಿಜಿ, ನಿಗದಿಯಾದ ಕೋನಗಳು. ಪ್ಲಾಕನ್ನು ಬೇರೆಯೇ ಕಾಲಂನಲ್ಲಿ ದಾಖಲಿಸಿ. ಗರಿಷ್ಠ ದಪ್ಪವನ್ನೂ ಬರೆದಿಡಿ, ಮುಖ್ಯ ಫಲಿತಾಂಶವಾಗಿ ಬೇಡ. ಅದು ಒಂದು ಚುಕ್ಕೆಯ ತಪ್ಪಿಗೆ ಸಿಕ್ಕಿಬೀಳುತ್ತದೆ. ಶುಗರ್ ಇರುವವರಲ್ಲಿ ಗೋಡೆ ದಪ್ಪ ಎಂದು ಚೆನ್ನೈ ನಗರದ ಅಧ್ಯಯನ 2000ದಲ್ಲೇ ತೋರಿಸಿದೆ. ಅಷ್ಟನ್ನೇ ಮತ್ತೆ ತೋರಿಸಲು ಎರಡು ವರ್ಷ ಕಳೆಯಬೇಡಿ. ನಮ್ಮ ಊರುಗಳ ಆರೋಗ್ಯವಂತರ, ವಯಸ್ಸುವಾರು, ಚೆನ್ನಾಗಿ ಅಳೆದ ಅಂಕಿಗಳು ಅದಕ್ಕಿಂತ ಹೆಚ್ಚು ಬೇಕಾಗಿವೆ. ಚಿತ್ರಗಳನ್ನೆಲ್ಲ ಕೂಡಿಟ್ಟು, ಕೊನೆಗೆ ಒಬ್ಬರೇ, ಹೆಸರು ಮತ್ತು ದಿನಾಂಕ ಮುಚ್ಚಿ, ಅಡ್ಡಾದಿಡ್ಡಿ ಕ್ರಮದಲ್ಲಿ ಓದಬೇಕು. ತಿಂಗಳು ಕಳೆದಂತೆ ಕಣ್ಣಿನ ಅಳತೆ ಸದ್ದಿಲ್ಲದೆ ಬದಲಾಗುತ್ತದೆ. ಮೂವತ್ತು ನಲವತ್ತು ಜನರನ್ನಾದರೂ ಬೇರೆ ದಿನ ಮತ್ತೆ ಕರೆಸಿ, ಇನ್ನೊಬ್ಬರಿಂದ ಸ್ಕ್ಯಾನ್ ಮಾಡಿಸಿ, ವ್ಯತ್ಯಾಸವನ್ನು ಮಿ.ಮೀ.ನಲ್ಲಿ ವರದಿ ಮಾಡಿ. ಈ ಮರುಸ್ಕ್ಯಾನನ್ನು ಎಥಿಕ್ಸ್ ಕಮಿಟಿಗೆ ಕೊಡುವ ಪ್ರೋಟೋಕಾಲಿನಲ್ಲೇ ಸೇರಿಸಿಬಿಡಿ. ಆಮೇಲೆ ಅನುಮತಿ ಕೇಳುವ ಹೊತ್ತಿಗೆ ಪೇಷೆಂಟುಗಳು ಊರಿಗೆ ಹೋಗಿರುತ್ತಾರೆ.